ಕತ್ತರಿಗೆ ಸಿಗದ ಪದರಗಳು

(ಮೈಸೂರಿನ ಹಳೇ ಬಡಾವಣೆಯೊಂದರ ಕಟಿಂಗ್ ಶಾಪು. ಕತ್ತರಿ ಹಿಡಿದವರು ಈ ಕಸುಬಿನಲ್ಲೇ ತಲೆ ನರೆಸಿಕೊಂಡವರು. ಕುರ್ಚಿಯಲ್ಲಿ ಕೂತವರು ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಭಾನುವಾರ ನೂಕುನುಗ್ಗಲು, ಮಂಗಳವಾರ ಬಾಗಿಲು ಹಾಕಿರುತ್ತೆ. ಇದು ಬುಧವಾರ, ಮಾತಿಗೆ ಬಿಡುವಿದೆ.)

— ಮೇಷ್ಟ್ರೇ, ನಿಮ್ಮನ್ನೇ ಕಾಯ್ತಿದ್ದೆ. ಮೊನ್ನೆ ಒಬ್ಬ ಹುಡುಗ ಇದೇ ಕುರ್ಚಿಯಿಂದ ನೆಗೆಯೋಕೆ ಹೋಗಿ ಆ ಕಬ್ಬಿಣದ ಮೂಲೆಗೆ ತಲೆ ಹೊಡೆಸಿಕೊಂಡ. ಗಾಯ ಉಗುರಿನಷ್ಟು. ರಕ್ತ ನೋಡಿದರೆ ಮುಖ, ಅಂಗಿ, ನೆಲ ಎಲ್ಲಾ. ಅವರಮ್ಮ ಅಲ್ಲೇ ಕುಸಿದು ಕೂತರು. ನಾನು ಪಟಿಕ ಹಿಡಿದೆ. ಗಲ್ಲಕ್ಕೆ ಬ್ಲೇಡು ತಾಗಿದರೆ ಪಟಿಕ ಉಜ್ಜಿದ ತಕ್ಷಣ ನಿಲ್ಲುತ್ತೆ. ಇದು ನಿಲ್ಲಲೇ ಇಲ್ಲ.

— ಪಟಿಕಕ್ಕೆ ಬಗ್ಗೋ ಜಾಗ ಅಲ್ಲ ಅದು. ಆಮೇಲೆ ಏನು ಮಾಡಿದಿರಿ?

— ಒಗೆದ ಟವೆಲ್ ಮಡಚಿ ಗಟ್ಟಿಯಾಗಿ ಒತ್ತಿ ಹಿಡಿದೆ. ನಿಂತಿತು. ಆಸ್ಪತ್ರೇಲಿ ಎರಡು ಹೊಲಿಗೆ ಹಾಕಿದರಂತೆ. ನನಗೆ ಅರ್ಥ ಆಗದೇ ಇರೋದು, ಅಷ್ಟು ಚಿಕ್ಕ ಗಾಯಕ್ಕೆ ಅಷ್ಟು ರಕ್ತ ಯಾಕೆ ಅಂತ.

— ಎಲ್ಲಿ, ನಿಮ್ಮ ಬೆರಳುಗಳನ್ನ ನನ್ನ ನೆತ್ತಿ ಮೇಲೆ ಊರಿ ಹಿಂದಕ್ಕೂ ಮುಂದಕ್ಕೂ ಆಡಿಸಿ. ಚರ್ಮ ಜಾರುತ್ತಲ್ಲ? ಏನು ಯಾವುದರ ಮೇಲೆ ಜಾರ್ತಿದೆ ಹೇಳಿ.

— ಚರ್ಮ ಬುರುಡೆ ಮೇಲೆ ಜಾರ್ತಿದೆ.

— ನಮ್ಮ ಹುಡುಗರೂ ಮೊದಲ ವರ್ಷ ಹಾಗೇ ಹೇಳ್ತಿದ್ದರು. ಬರೀ ಚರ್ಮ ಅಲ್ಲ, ಮೂರು ಪದರ ಒಟ್ಟಿಗೆ ಜಾರ್ತಿವೆ. ಮೇಲೆ ಚರ್ಮ. ಅದರ ಕೆಳಗೆ ನಾರು ತುಂಬಿದ ಒತ್ತಾದ ಪದರ, ಕೊಬ್ಬು ಅಲ್ಲಲ್ಲಿ ಗೂಡುಗೂಡಾಗಿ ಇರುತ್ತೆ. ಅದರ ಕೆಳಗೆ ಗೇಲಿಯಾ ಅಂತ ಒಂದು ಗಟ್ಟಿ ಹಾಳೆ. ಮುಂದೆ ಹಣೆಯ ಸ್ನಾಯು, ಹಿಂದೆ ತಲೆಹಿಂಬದಿಯ ಸ್ನಾಯು, ಎರಡನ್ನೂ ಸೇರಿಸೋದು ಈ ಹಾಳೆ. ಉತ್ತರ ಕರ್ನಾಟಕದ ಕಡೆ ಹಳೇ ಸೀರೆ ಸೇರಿಸಿ ಕೌದಿ ಹೊಲೀತಾರಲ್ಲ, ಒಂದು ಪದರ ಎಳೆದರೆ ಎಲ್ಲಾ ಬರುತ್ತೆ, ಹಾಗೆ ಮಧ್ಯದ ನಾರುಗಳು ಈ ಮೂರನ್ನೂ ಹೊಲಿದಿಟ್ಟಿವೆ. ನಾಲ್ಕನೇ ಪದರ ಸಡಿಲ, ಜಾರೋ ಜಾಗ ಅದೇ. ಐದನೇದು ಮೂಳೆಗೆ ಅಂಟಿರೋ ತೆಳ್ಳನೆ ಪೊರೆ.

— ರಕ್ತ ಇರೋದು ಯಾವುದರಲ್ಲಿ?

— ಎರಡನೇದರಲ್ಲಿ, ಆ ನಾರಿನಲ್ಲಿ. ಒಂದೊಂದು ಪಕ್ಕಕ್ಕೆ ಐದೈದು ಅಪಧಮನಿ. ಹುಬ್ಬಿನ ಹತ್ತಿರ ಎರಡು, ಕಿವಿ ಮುಂದೆ ಒಂದು, ಕಿವಿ ಹಿಂದೆ ಒಂದು, ತಲೆಹಿಂಬದಿಗೆ ಒಂದು. ಎಲ್ಲಾ ಕೆಳಗಿಂದ ನೆತ್ತಿ ಕಡೆ ಹತ್ತಿ ಒಂದರೊಳಗೊಂದು ಸೇರಿಕೊಳ್ಳುತ್ತವೆ, ಎಡದ್ದು ಬಲದ್ದಕ್ಕೂ ಸೇರುತ್ತೆ. ಈಗ ನಿಮ್ಮ ಪ್ರಶ್ನೆಗೆ ಬರೋಣ. ಕೈಯಲ್ಲೋ ಕಾಲಲ್ಲೋ ಸಣ್ಣ ರಕ್ತನಾಳ ಕತ್ತರಿಸಿದರೆ ಅದು ಮುದುಡಿ ಒಳಕ್ಕೆ ಸರಿದು ತನ್ನ ಬಾಯಿ ತಾನೇ ಮುಚ್ಚಿಕೊಳ್ಳೋಕೆ ನೋಡುತ್ತೆ. ತಲೇಲಿ ಆ ಅವಕಾಶ ಇಲ್ಲ. ನಾಳದ ಗೋಡೆ ಸುತ್ತಲಿನ ನಾರಿಗೆ ಅಂಟಿಕೊಂಡಿದೆ. ಕತ್ತರಿಸಿದರೆ ಬಾಯಿ ತೆರೆದೇ ಇರುತ್ತೆ. ಎರಡು ಕಡೆಯಿಂದಲೂ ಸುರಿಯುತ್ತೆ.

— ಹಾಗಾದರೆ ಒತ್ತಿ ಹಿಡಿದರೆ ಯಾಕೆ ನಿಂತಿತು?

— ಕೆಳಗೆ ಮೂಳೆ ಇದೆಯಲ್ಲ! ಹೊಟ್ಟೆ ಮೇಲಿನ ಗಾಯ ಒತ್ತಿದರೆ ಬೆರಳು ಒಳಕ್ಕೆ ಹೋಗುತ್ತೆ. ಇಲ್ಲಿ ನಾಳ ನಿಮ್ಮ ಬೆರಳಿಗೂ ಬುರುಡೆಗೂ ನಡುವೆ ಸಿಕ್ಕಿಬೀಳುತ್ತೆ. ಹತ್ತು ನಿಮಿಷ ಬಿಡದೆ ಒತ್ತಬೇಕು. ನಮ್ಮ ಜನ ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ‘ನಿಂತಿತಾ’ ಅಂತ ಇಣುಕ್ತಾರೆ, ಕಟ್ಟಿದ ಹೆಪ್ಪು ಕಿತ್ತು ಬರುತ್ತೆ. ಮೂಳೆ ಒಳಕ್ಕೆ ತಗ್ಗಿದ ಹಾಗೆ ಕಂಡರೆ ಮಾತ್ರ ಆ ಜಾಗ ಒತ್ತಬಾರದು. ಬಟ್ಟೆ ಹಗುರವಾಗಿ ಕಟ್ಟಿ ಆಸ್ಪತ್ರೆಗೆ ಓಡಬೇಕು. ರಕ್ತ ಸುರಿದಿದ್ದಕ್ಕೆ ಆ ತಾಯಿ ಹೆದರಿದರು. ತಾಯಿ ಅಂದಮೇಲೆ ಹೆದರಬೇಕಾದ್ದೇ. ಆದರೆ ಅದೇ ರಕ್ತದಿಂದ ತಲೆ ಗಾಯ ಬೇರೆ ಗಾಯಕ್ಕಿಂತ ಬೇಗ ಕೂಡುತ್ತೆ, ಸುಲಭಕ್ಕೆ ಕೊಳೆಯಲ್ಲ. ನಾನು ಹೆದರೋದು ರಕ್ತ ಆಚೆ ಬರದೇ ಇರೋ ಗಾಯಕ್ಕೆ.

— ಅದು ಹೇಗೆ?

— ನಾಲ್ಕನೇ ಪದರ ಅಂದೆನಲ್ಲ, ಆ ಸಡಿಲು ಜಾಗ. ಅಲ್ಲಿ ರಕ್ತ ಸೇರಿದರೆ ತಡೆಯೋ ಗೋಡೆ ಇಲ್ಲ. ಹಿಂದೆ ಸ್ನಾಯು ಮೂಳೆಗೆ ಹಿಡಿದುಕೊಂಡಿದೆ, ಪಕ್ಕದಲ್ಲಿ ಗೇಲಿಯಾ ಕಿವಿ ಮುಂದಿನ ಮೂಳೆ ಕಮಾನಿನ ತನಕ ಅಂಟಿಕೊಂಡಿದೆ. ಮುಂದೆ ಮಾತ್ರ ಹಣೆಯ ಸ್ನಾಯು ಮೂಳೆಗೆ ಅಂಟಲ್ಲ, ಹುಬ್ಬಿನ ಹತ್ತಿರ ಚರ್ಮದಲ್ಲಿ ಹೋಗಿ ಮುಗಿಯುತ್ತೆ. ಅದಕ್ಕೇ ಹುಬ್ಬು ಹಾರಿಸೋಕೆ ಆಗೋದು.

— ತಾಳಿ ತಾಳಿ. ನಮ್ಮ ಬೀದೀಲಿ ಒಬ್ಬರು ಮೆಟ್ಟಿಲಿಂದ ಬಿದ್ದು ನೆತ್ತಿಗೆ ಏಟಾಗಿತ್ತು. ರಕ್ತ ಬರಲಿಲ್ಲ, ಬೋರೆ ಬಂದಿತ್ತು ಅಷ್ಟೇ. ಮಾರನೇ ದಿನ ನೋಡಿದರೆ ಎರಡೂ ಕಣ್ಣು ಕಪ್ಪಗೆ ಊದಿಕೊಂಡಿವೆ. ಕಣ್ಣಿಗೆ ಪೆಟ್ಟೇ ಬಿದ್ದಿಲ್ಲ ಅಂತ ಅವರು, ಮನೇಲಿ ಯಾರೋ ಗುದ್ದಿರಬೇಕು ಅಂತ ಬೀದಿಯವರು.

— ನೋಡಿದಿರಾ, ಅಂಗರಚನೆ ಗೊತ್ತಿಲ್ಲದೆ ಒಂದು ಸಂಸಾರದ ಮಾನ ಹೋಯ್ತು! ನೆತ್ತಿ ಕೆಳಗೆ ಸೇರಿದ ರಕ್ತ ನಿಧಾನಕ್ಕೆ ಮುಂದಕ್ಕೆ ಇಳಿದು ರೆಪ್ಪೆಗೆ ಬಂದಿದೆ. ತೆರೆದ ದಾರಿ ಅದೊಂದೇ. ಆದರೆ ಬುರುಡೆಯ ತಳ ಬಿರಿದರೂ ಎರಡೂ ಕಣ್ಣು ಹೀಗೇ ಕಪ್ಪಾಗುತ್ತವೆ. ಯಾವುದು ಅಂತ ಬೀದಿಯಲ್ಲಿ ನಿಂತು ತೀರ್ಮಾನ ಮಾಡೋಕೆ ಆಗಲ್ಲ, ಸ್ಕ್ಯಾನ್ ಬೇಕು.

— ಆ ಜಾಗದಲ್ಲಿ ಕೀವಾದರೆ?

— ಅದಕ್ಕೇ ನಾಲ್ಕನೇ ಪದರಕ್ಕೆ ಪಠ್ಯಪುಸ್ತಕಗಳು ಅಪಾಯದ ಪದರ ಅಂತಲೇ ಹೆಸರಿಟ್ಟಿರೋದು. ಬುರುಡೇಲಿ ಸಣ್ಣ ಸಣ್ಣ ತೂತುಗಳಿವೆ. ಅವುಗಳ ಮೂಲಕ ಎಮಿಸರಿ ವೇನ್ ಅನ್ನೋ ನಾಳಗಳು ತಲೆ ಹೊರಗಿನ ರಕ್ತವನ್ನ ಮಿದುಳು ಸುತ್ತಲಿನ ರಕ್ತದ ಕಾಲುವೆಗಳಿಗೆ ಸೇರಿಸುತ್ತವೆ. ಕಾಲಿನ ನಾಳದಲ್ಲಿ ಇರೋ ಹಾಗೆ ಅವುಗಳಲ್ಲಿ ಕವಾಟ ಇಲ್ಲ, ರಕ್ತ ಹೊರಕ್ಕೂ ಬರಬಹುದು, ಒಳಕ್ಕೂ ಹೋಗಬಹುದು. ರಕ್ತ ಹೋದಲ್ಲಿಗೆ ಸೋಂಕು ಹೋಗುತ್ತೆ. ಔಷಧ ಚೆನ್ನಾಗಿರೋ ಈ ಕಾಲದಲ್ಲಿ ಹಾಗಾಗೋದು ಅಪರೂಪ. ಆದರೂ ತಲೆ ಮೇಲಿನ ಕುರು ಹಿಚುಕಬಾರದು.

— ಬಂದವರು ‘ಹಾಗೇ ಒಂದ್ಸಲ ಹಿಚುಕಿಬಿಡಿ’ ಅಂತ ಕೇಳ್ತಾರೆ ಸಾರ್. ನಾನು ಮುಟ್ಟಲ್ಲ. ಒಂದು ತಲೆಗೆ ಒಂದೇ ಬ್ಲೇಡು, ಅದೂ ಮುರಿದು ಬಿಸಾಕ್ತೀನಿ. ಅಲ್ಲ, ಕೆಲವರ ತಲೇಲಿ ಗೋಲಿ ಗಾತ್ರದ ಗಂಟು ಇರುತ್ತೆ, ಉಬ್ಬಿಕೊಂಡು, ಕೂದಲಿಲ್ಲದೆ ನುಣ್ಣಗೆ. ಬಾಚಣಿಗೆ ತಾಗದ ಹಾಗೆ ಕತ್ತರಿಸೋದೇ ಕಷ್ಟ.

— ಅದು ಕೂದಲ ಬೇರಿನ ಪೊರೆಯಿಂದ ಬೆಳೆಯೋ ಚೀಲ. ಹೆಚ್ಚು ಪಾಲು ತಲೆಯಲ್ಲೇ ಬರುತ್ತೆ, ಕೆಲವು ಮನೆತನಗಳಲ್ಲಿ ತಂದೆಯಿಂದ ಮಗನಿಗೂ ಬರುತ್ತೆ. ಸಾಮಾನ್ಯವಾಗಿ ತೊಂದರೆ ಕೊಡಲ್ಲ. ಕಿವಿ ಹಿಂದೆ, ಕತ್ತಿನ ಹಿಂದೆ ಕೈಗೆ ಸಿಗೋ ಸಣ್ಣ ಗಂಟುಗಳು ಬೇರೆ. ತಲೆಚರ್ಮದೊಳಗೆ ದುಗ್ಧರಸ ಗ್ರಂಥಿ ಒಂದೂ ಇಲ್ಲ, ಕಾವಲೆಲ್ಲಾ ಅಂಚಿನಲ್ಲಿ. ಶಾಲೆ ಮಕ್ಕಳಿಗೆ ಹೇನಾಗಿ ಕೆರೆದು ಹುಣ್ಣಾದರೆ ಅಲ್ಲಿ ಊದುತ್ತೆ. ಅಂಥ ಮಗುವನ್ನ ಕಂಡರೆ ಮೊದಲು ಸೀರು ಹುಡುಕಿ.

— ಮಕ್ಕಳು ಅಂದರೆ ನೆನಪಾಯ್ತು. ನಂಜನಗೂಡಲ್ಲಿ ಹೊಳೆ ದಡದಲ್ಲಿ ಮುಡಿ ತೆಗೀತಿದ್ದಾಗ ವರ್ಷ ತುಂಬದ ಕೂಸುಗಳನ್ನ ತೊಡೆ ಮೇಲೆ ಹಾಕ್ಕೊಂಡು ಕೂರೋರು. ಕತ್ತಿ ಕೆಳಗೆ ನೆತ್ತಿ ಪುಕುಪುಕು ಮಿಡೀತಿರುತ್ತೆ. ಕೈ ನಡುಗಬಾರದು ಅಂತ ಉಸಿರು ಹಿಡಿದು ಬೋಳಿಸ್ತಿದ್ದೆ. ಅಲ್ಲಿ ಕೆಳಗೆ ನೇರ ಮಿದುಳೇನಾ?

— ಮೂಳೆ ಇಲ್ಲ ಅಷ್ಟೇ. ಗಟ್ಟಿ ಪೊರೆ ಇದೆ, ಅದರ ಕೆಳಗೆ ಮಿದುಳಿನ ಹೊದಿಕೆಗಳಿವೆ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಮುಚ್ಚಿಕೊಳ್ಳುತ್ತೆ, ಕೆಲವರಿಗೆ ಎರಡು ವರ್ಷ. ಕೂಸಿಗೆ ವಾಂತಿ ಭೇದಿಯಾಗಿ ನೀರಿನಂಶ ಕಳೆದುಹೋದರೆ ಆ ಜಾಗ ಗುಳಿ ಬೀಳುತ್ತೆ, ಅಜ್ಜಿಯರು ಡಾಕ್ಟರಿಗಿಂತ ಮೊದಲೇ ಅದನ್ನ ಕಂಡುಹಿಡೀತಾರೆ. ಹುಟ್ಟಿದ ಮಗುವಿನ ತಲೆ ಬೋರೆಗಳಲ್ಲೂ ಪದರದ ಲೆಕ್ಕ ಇದೆ, ಕೇಳ್ತೀರಾ?

— ಹೇಳಿ. ನನ್ನ ಮೊಮ್ಮಗಳು ಹುಟ್ಟಿದಾಗ ತಲೆ ಉದ್ದಕ್ಕೆ ಊದಿತ್ತು, ಮೂರೇ ದಿನಕ್ಕೆ ಇಳೀತು.

— ಅದು ಮೇಲಿನ ಪದರಗಳಲ್ಲಿ ಸೇರಿದ ನೀರು. ಹೆರಿಗೆ ಹೊತ್ತಲ್ಲಿ ಒತ್ತಡ ಬಿದ್ದು ಬರುತ್ತೆ, ತಾನೇ ಹೋಗುತ್ತೆ. ಇನ್ನು ಕೆಲವು ಕೂಸುಗಳಿಗೆ ಹುಟ್ಟಿದಾಗ ಏನೂ ಇರಲ್ಲ, ಮಾರನೇ ದಿನ ಒಂದು ಪಕ್ಕಕ್ಕೆ ಗುಂಡಗೆ ಬೋರೆ ಏಳುತ್ತೆ. ಅದು ಐದನೇ ಪದರದ ಕೆಳಗಿನ ರಕ್ತ. ಆ ಪೊರೆ ಬುರುಡೆಯ ಹೊಲಿಗೆ ಗೆರೆಗಳಲ್ಲಿ ಬಿಗಿಯಾಗಿ ಅಂಟಿರೋದರಿಂದ ಬೋರೆ ಒಂದೇ ಮೂಳೆಯ ಗಡಿ ದಾಟಲ್ಲ. ಕರಗೋಕೆ ವಾರಗಳು ಬೇಕು, ಕಾಮಾಲೆ ಬರಬಹುದು ಅಂತ ನಿಗಾ ಇಡ್ತಾರೆ. ಮೂರನೇದು ನಮ್ಮ ನಾಲ್ಕನೇ ಪದರದ್ದು. ವ್ಯಾಕ್ಯೂಮ್ ಹಾಕಿ ಎಳೆದ ಹೆರಿಗೆಗಳಲ್ಲಿ, ಅಪರೂಪಕ್ಕೆ, ಆ ಸಡಿಲು ಜಾಗದ ನಾಳಗಳು ಹರೀತವೆ. ಮೂರು ಕಿಲೋ ಕೂಸಿನ ಮೈಯಲ್ಲಿರೋ ರಕ್ತ ಎಲ್ಲಾ ಸೇರಿ ಸುಮಾರು 250 ಮಿಲಿಲೀಟರ್, ಒಂದು ದೊಡ್ಡ ಲೋಟ. ಗಡಿಯೇ ಇಲ್ಲದ ಆ ಜಾಗ ಅದರಲ್ಲಿ ಬಹುಪಾಲನ್ನ ನುಂಗಬಲ್ಲದು. ಹೊರಗೆ ಒಂದು ಹನಿ ಕಾಣಲ್ಲ. ತಲೆ ಸ್ವಲ್ಪ ಮೆತ್ತಗಾಗಿದೆ, ಕೂಸು ಬಿಳಿಚಿಕೊಂಡಿದೆ ಅಷ್ಟೇ. ಅನುಭವಸ್ಥ ನರ್ಸ್ ಕೈ ಆಡಿಸಿ ನೋಡಿದರೆ ಗೊತ್ತಾಗುತ್ತೆ, ದೂರದಿಂದ ನೋಡಿ ಹೋದವರಿಗೆ ಗೊತ್ತಾಗಲ್ಲ.

— ಸಾಕು ಸಾರ್, ಕೈ ತಣ್ಣಗಾಯ್ತು. ಕೂದಲ ವಿಷಯ ಹೇಳಿ. ನಿಮ್ಮ ತಲೇಲಿ ಹೇಳೋಕೆ ಉಳಿದಿರೋದೇ ಕಮ್ಮಿ, ಆದರೂ.

— ಬರ್ತೀನಿ. ಅದಕ್ಕೆ ಮುಂಚೆ ಒಂದು ಕತೆ. ಇಲ್ಲೇ ಶ್ರೀರಂಗಪಟ್ಟಣದ್ದು, ಟಿಪ್ಪು ಕಾಲದ್ದು. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೀತಿದ್ದ ಕವಾಸ್‌ಜೀ ಅನ್ನೋನು ಟಿಪ್ಪು ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು.

— ಅಯ್ಯೋ.

— ಒಂದು ವರ್ಷ ಹಾಗೇ ಇದ್ದ. ಆಮೇಲೆ ಪುಣೆ ಹತ್ತಿರ ಇಟ್ಟಿಗೆ ಮಾಡೋ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಇಂಗ್ಲಿಷ್ ವೈದ್ಯರಿಬ್ಬರು ಪಕ್ಕದಲ್ಲಿ ನಿಂತು ನೋಡಿದರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೇಲಿ ಚಿತ್ರದ ಸಮೇತ ಅಚ್ಚಾಯ್ತು. ಮಾಡಿದವನ ಹೆಸರು ಮಾತ್ರ ಅದರಲ್ಲಿಲ್ಲ. ನೋಡಿದವರಿಗೆ ಹೆಸರಿದೆ, ಮಾಡಿದವನಿಗೆ ಜಾತಿ ಒಂದೇ ಗುರುತು. ನನಗೆ ಇವತ್ತಿಗೂ ಇದು ಚುಚ್ಚುತ್ತೆ.

— ಮೂಗು ಯಾವುದರಿಂದ ಮಾಡಿದ?

— ಹಣೆಯಿಂದ! ಅದಕ್ಕೇ ಈ ಕತೆ ತೆಗೆದೆ. ನೀವು ಕೂದಲು ಇರೋ ತನಕ ಮಾತ್ರ ತಲೆ ಅಂತೀರಿ, ಅಂಗರಚನೆಯ ಲೆಕ್ಕದಲ್ಲಿ ಹುಬ್ಬಿನವರೆಗೆ ಹಣೆಯೂ ಅದೇ ಹೊದಿಕೆ, ಅದೇ ಐದು ಪದರ. ಅವನು ಮೊದಲು ಮೇಣದ ತೆಳು ಬಿಲ್ಲೆಯನ್ನ ಮೂಗಿನ ಮೊಂಡಿನ ಮೇಲೆ ಕೂರಿಸಿ ಆಕಾರ ತಗೊಂಡ. ಆ ಮೇಣವನ್ನ ಚಪ್ಪಟೆ ಮಾಡಿ ಹಣೆ ಮೇಲಿಟ್ಟು ಗೆರೆ ಎಳೆದ. ಆ ಗೆರೆಗುಂಟ ಚರ್ಮ ಬಿಡಿಸಿದ, ಎರಡು ಹುಬ್ಬಿನ ಮಧ್ಯೆ ಒಂದು ಸಣ್ಣ ಪಟ್ಟಿ ಮಾತ್ರ ಕತ್ತರಿಸದೆ ಬಿಟ್ಟ. ಆ ಪಟ್ಟಿಯನ್ನ ತಿರುಚಿ ಹಣೆಚರ್ಮವನ್ನ ಕೆಳಗೆ ಇಳಿಸಿ ಮೂಗಿನ ಜಾಗಕ್ಕೆ ಕೂರಿಸಿದ. ಅಂಟಿಸೋಕೆ ಏನು ಬಳಸಿದ ಗೊತ್ತಾ? ಕಾಚು.

— ಎಲೆ ಅಡಿಕೆ ಕಾಚೇ?

— ಅದೇ. ನೀರಲ್ಲಿ ಕಲಸಿ, ಬಟ್ಟೆಗೆ ಸವರಿ, ಮೇಲೆ ಹಾಕಿದ. ಇಪ್ಪತ್ತೈದನೇ ದಿನದ ಹೊತ್ತಿಗೆ ಆ ಪಟ್ಟಿಯನ್ನೂ ಕತ್ತರಿಸಿದ. ಅಷ್ಟರಲ್ಲಿ ಮೂಗಿಗೆ ಸುತ್ತಲಿಂದ ಹೊಸ ರಕ್ತ ಹರಿಯೋಕೆ ಶುರುವಾಗಿರುತ್ತೆ. ಈಗ ಯೋಚನೆ ಮಾಡಿ, ಅಷ್ಟು ದಿನ ಆ ಚರ್ಮ ಬದುಕಿದ್ದು ಹೇಗೆ? ಬೆರಳಗಲದ ಪಟ್ಟಿಯೊಳಗೆ ಹುಬ್ಬಿನ ಒಳಮೂಲೆಯಿಂದ ಮೇಲೆ ಹತ್ತೋ ಅಪಧಮನಿ ಒಂದಿದೆ. ನಿಮ್ಮ ಹುಡುಗನ ಗಾಯದಲ್ಲಿ ನೆಲ ಕೆಂಪು ಮಾಡಿದ್ದು ಯಾವ ರಕ್ತಜಾಲವೋ, ಕವಾಸ್‌ಜೀಗೆ ಮೂಗು ಕೊಟ್ಟದ್ದೂ ಅದೇ. ಪತ್ರಿಕೆ ಓದಿದ ಜೋಸೆಫ್ ಕಾರ್ಪ್ಯೂ ಅನ್ನೋ ಲಂಡನ್ ಶಸ್ತ್ರವೈದ್ಯ ಹೆಣಗಳ ಮೇಲೆ ಅಭ್ಯಾಸ ಮಾಡಿ 1814ರಲ್ಲಿ ತಾನೂ ಮಾಡಿದ, 1816ರಲ್ಲಿ ಪುಸ್ತಕ ಬರೆದ. ಮೂಗಿನ ತುದಿಯ ಕ್ಯಾನ್ಸರ್ ತೆಗೆದಮೇಲೆ ಇವತ್ತೂ ಹಣೆಚರ್ಮ ಇಳಿಸೋದು ಇದೇ ಕ್ರಮದಲ್ಲಿ. ಒಂದು ತಮಾಷೆ ಇದೆ, ಪಟ್ಟಿ ಕತ್ತರಿಸೋ ತನಕ ಹೊಸ ಮೂಗನ್ನ ಮುಟ್ಟಿದರೆ ರೋಗಿಗೆ ಹಣೆ ಮುಟ್ಟಿದ ಹಾಗೆ ಅನಿಸುತ್ತೆ. ನರ ಇನ್ನೂ ಹಣೆಯದ್ದೇ.

— ನನಗೊಂದು ಅನುಮಾನ. ಕೆಲವರಿಗೆ ಹಣೆ ಚಿಕ್ಕದು, ಕೂದಲು ಕೆಳಗಿಂದಲೇ ಶುರು. ಅಂಥವರ ಹಣೆಯಿಂದ ಮೂಗು ಮಾಡಿದರೆ ಮೂಗಿನ ಮೇಲೆ ತಲೆಕೂದಲು ಬೆಳೆಯಲ್ಲವೇ?

— ಬೆಳೆಯುತ್ತೆ! ನಲವತ್ತು ಬ್ಯಾಚ್ ಹುಡುಗರಿಗೆ ಪಾಠ ಮಾಡಿದೆ, ಒಬ್ಬನೂ ಕೇಳಲಿಲ್ಲ ಈ ಪ್ರಶ್ನೆ. ಕೂದಲಿನ ಬೇರು ಎಲ್ಲಿಗೆ ಹೋದರೂ ತನ್ನ ಹುಟ್ಟುಗುಣ ಬಿಡಲ್ಲ. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೀಚ್ ಅನ್ನೋ ಚರ್ಮವೈದ್ಯರು 1959ರಲ್ಲಿ ಪ್ರಕಟಿಸಿದ್ದು ಇದನ್ನೇ. ತಲೆ ಹಿಂಬದಿಯ ಕೂದಲು ಬೇರು ಸಮೇತ ತೆಗೆದು ಬೋಳಾದ ನೆತ್ತೀಲಿ ನೆಟ್ಟರೆ ಅದು ಹಿಂಬದೀಲಿ ಬೆಳೆದ ಹಾಗೇ ಬೆಳೀತಾ ಹೋಗುತ್ತೆ. ಈಗ ಬೆಂಗಳೂರಲ್ಲಿ ಬೀದಿಗೊಂದು ಬೋರ್ಡು ಇದೆಯಲ್ಲ ಕೂದಲು ನಾಟಿಗೆ, ಅಷ್ಟೂ ನಿಂತಿರೋದು ಈ ಒಂದು ಗುಣದ ಮೇಲೆ.

— ಬೋಳಾದ ಜಾಗಕ್ಕೆ ರಕ್ತ ಸರಿಯಾಗಿ ಓಡದೆ ಉದುರೋದು ಅಂತಾರಲ್ಲ ಎಣ್ಣೆ ಕಂಪನಿಯೋರು?

— ರಕ್ತ ಇಲ್ಲದಿದ್ದರೆ ನೆಟ್ಟ ಕೂದಲು ಅಲ್ಲಿ ಹೇಗೆ ಬದುಕುತ್ತಿತ್ತು? ನನ್ನ ಬೋಳು ನೆತ್ತಿಗೆ ಒಂದು ಗೀರು ಹಾಕಿ ನೋಡಿ, ಬೇಡ, ಹಾಕಬೇಡಿ, ನಿಮ್ಮ ಟವೆಲ್ ಸಾಲಲ್ಲ. ಕಾರಣ ಬೇರಿನಲ್ಲೇ ಇದೆ. ಗಂಡು ಹಾರ್ಮೋನಿನ ಒಂದು ರೂಪಕ್ಕೆ ನೆತ್ತಿ ಮತ್ತು ಮುಂದಲೆಯ ಬೇರುಗಳು ಸೋಲುತ್ತವೆ, ಒಂದೊಂದು ಸುತ್ತಿಗೂ ಸಣ್ಣದಾಗುತ್ತಾ ಕೊನೆಗೆ ತುಪ್ಪಳದಷ್ಟು ಎಳೆ ಬಿಡುತ್ತವೆ. ಪಕ್ಕದವೂ ಹಿಂದಿನವೂ ಅದಕ್ಕೆ ಜಗ್ಗಲ್ಲ. ಇನ್ನು ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರೋದು ಎಲ್ಲರಿಗೂ ಸಹಜ. ತಲೇಲಿ ಇರೋದು ಸುಮಾರು ಒಂದು ಲಕ್ಷ, ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೀತವೆ. ನಿಮ್ಮ ಅಂಗಡಿ ನಡೆಯೋದೇ ಆ ಲೆಕ್ಕದ ಮೇಲೆ.

— ಎರಡು ಸುಳಿ ಇದ್ದರೆ ಎರಡು ಮದುವೆ ಅನ್ನೋದು?

— ನೂರಕ್ಕೆ ಕೆಲವರಿಗೆ ಎರಡು ಸುಳಿ ಇರುತ್ತೆ. ಅವರೆಲ್ಲಾ ಎರಡೆರಡು ಮದುವೆ ಆಗಿದ್ದರೆ ಛತ್ರದವರಿಗೆ ಹಬ್ಬ. ಸುಳಿ ಗರ್ಭದಲ್ಲೇ ತೀರ್ಮಾನ ಆಗಿರುತ್ತೆ, ಬಾಚಣಿಗೆ ಅದನ್ನ ಬದಲಿಸಲ್ಲ.

— ಕೂದಲು ಅಂದರೆ ನನಗೆ ಹೆದರಿಕೆ ಆಗೋದು ಮಿಷನ್‌ಗಳ ಹತ್ತಿರ. ಹಿಟ್ಟಿನ ಗಿರಣಿ ಬೆಲ್ಟಿಗೆ ಜಡೆ ಸಿಕ್ಕಿದ ಹೆಂಗಸಿನ ವಿಷಯ ಚಿಕ್ಕಂದಿನಲ್ಲಿ ಕೇಳಿದ್ದೆ. ಚರ್ಮ ಪೂರ್ತಿ ಬಂದುಬಿಟ್ಟಿತಂತೆ. ನಿಜಾನಾ ಅದು?

— ನಿಜ. ಒಕ್ಕಣೆ ಯಂತ್ರ, ಗಿರಣಿ, ಸೆರಗು ಕೂದಲು ಬಿಗಿಯಾಗಿ ಕಟ್ಟದೆ ಕೆಲಸ ಮಾಡೋ ಕಡೆಯೆಲ್ಲಾ ಆಗಿದೆ. ಜಡೆ ಎಳೆದಾಗ ಮೇಲಿನ ಮೂರು ಪದರ ಒಂದಾಗಿ ಹೊರಟುಬಿಡುತ್ತವೆ, ಬಿಡಿಸಿಕೊಳ್ಳೋದು ನಾಲ್ಕನೇ ಪದರದಲ್ಲಿ. ಹುಬ್ಬಿನಿಂದ ಕತ್ತಿನವರೆಗೆ ಬರಬಹುದು. ಇಷ್ಟು ಘೋರವಾದದ್ದಕ್ಕೂ ಈಗ ದಾರಿ ಇದೆ. ಆಸ್ಟ್ರೇಲಿಯಾದ ಶಸ್ತ್ರವೈದ್ಯರು ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳ ಹೊಲಿದು ಕಿತ್ತುಬಂದ ತಲೆಚರ್ಮವನ್ನ ಮತ್ತೆ ಕೂರಿಸಿದ್ದು 1976ರಲ್ಲಿ ಪ್ರಕಟವಾಯ್ತು. ಆಮೇಲೆ ಗೊತ್ತಾದದ್ದು ಏನಂದರೆ ಕಿವಿ ಮುಂದಿನ ಅಪಧಮನಿ ಒಂದನ್ನೇ ಸೇರಿಸಿದರೂ, ರಕ್ತ ವಾಪಸು ಬರೋಕೆ ದಾರಿ ಮಾಡಿಕೊಟ್ಟರೆ, ಬಹುಮಟ್ಟಿಗೆ ಪೂರ್ತಿ ತಲೆಚರ್ಮ ಬದುಕುತ್ತೆ. ಕೂದಲೂ ಬರುತ್ತೆ. ಅದಕ್ಕೆ ಮಾತ್ರ ಆ ಚರ್ಮವನ್ನ ಯಾರಾದರೂ ಎತ್ತಿ ತರಬೇಕು. ಒದ್ದೆ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನ ಐಸ್ ಮೇಲಿಡಬೇಕು. ಚರ್ಮಕ್ಕೆ ನೇರ ಐಸ್ ತಾಗಬಾರದು. ನಮ್ಮ ಹಳ್ಳಿಗಳಲ್ಲಿ ರೋಗೀನ ಮಾತ್ರ ಗಾಡಿಗೆ ಹತ್ತಿಸಿ ಚರ್ಮ ಅಲ್ಲೇ ಬಿಟ್ಟು ಬರ್ತಾರೆ.

— ಸರಿ, ತಲೆ ಮುಗೀತು. ಮಾಲೀಶು ಮಾಡ್ಲಾ?

— ಮಾಡಿ. ಕಿವಿಯಿಂದ ಕಿವಿಗೆ ನೆತ್ತಿ ಮೇಲೆ ಒಂದು ಗೆರೆ ಎಳೆದುಕೊಳ್ಳಿ. ಮುಂದಿನ ಭಾಗದ ಸುದ್ದಿ ಟ್ರೈಜೆಮಿನಲ್ ಅನ್ನೋ ನರಕ್ಕೆ ಹೋಗುತ್ತೆ, ಹಿಂದಿನದು ಕತ್ತಿನ ನರಗಳಿಗೆ. ಈಗ ನಿಮ್ಮ ಹೆಬ್ಬೆರಳು ಊರಿದೆಯಲ್ಲ ಬುರುಡೆ ಬುಡದಲ್ಲಿ, ಅಲ್ಲೇ ದೊಡ್ಡ ನರ ಒಂದು ಮೇಲೆ ಬರುತ್ತೆ. ಅದು ಕೆರಳಿದರೆ ನೋವು ಹಿಂದಿನಿಂದ ಎದ್ದು ಕಣ್ಣಿನ ತನಕ ಓಡುತ್ತೆ. ತಲೇಲಿ ನೋಯೋದು ಹೆಚ್ಚಾಗಿ ಈ ಹೊದಿಕೆಯೇ, ಮಿದುಳಿಗೆ ನೋವು ಗೊತ್ತಿಲ್ಲ. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬೆರಳು ಸೆಟೆದುಕೊಳ್ಳೋ ಕಾಯಿಲೆಗೆ ಒಬ್ಬರ ಮಿದುಳಿಗೆ ಶಸ್ತ್ರಚಿಕಿತ್ಸೆ ಆಯ್ತು, ಅವರು ಎಚ್ಚರವಾಗಿದ್ದು ಗಿಟಾರ್ ನುಡಿಸ್ತಿದ್ದರು. ಪತ್ರಿಕೆಗಳಲ್ಲೆಲ್ಲಾ ಬಂದಿತ್ತು. ಮರಗಟ್ಟಿಸಬೇಕಾದ್ದು ತಲೆಯ ಹೊದಿಕೆಯನ್ನ ಮಾತ್ರ.

— ಅಬ್ಬಾ. ಎಣ್ಣೆ ಹಾಕಿದರೆ ಕೂದಲು ಬರಲ್ಲ ಅಂತೀರಿ. ಹಾಕಲೋ ಬೇಡವೋ?

— ಹಾಕಿ. ಬೇರು ಮೂರು ನಾಲ್ಕು ಮಿಲಿಮೀಟರ್ ಆಳದಲ್ಲಿದೆ, ನಿಮ್ಮ ಎಣ್ಣೆ ಅಲ್ಲಿಗೆ ಮುಟ್ಟಲ್ಲ. ನಿದ್ದೆ ಬರುತ್ತೆ, ಅದು ಸಾಕು. ಅರೆ, ಕತ್ತು ಬಿಡಿ! ಏನು ಮಾಡ್ತಿದ್ದೀರಿ?

— ನೆಟಿಕೆ ತೆಗೀತಿದ್ದೀನಿ ಸಾರ್, ಕೊನೇಲಿ ಒಂದು ಕಡೆ ಲಟಕ್, ಇನ್ನೊಂದು ಕಡೆ ಲಟಕ್. ಅದಕ್ಕೇ ಬರೋರು ಎಷ್ಟು ಜನ.

— ಕತ್ತಿನ ಮೂಳೆಗಳ ಒಳಗೆ ಮಿದುಳಿಗೆ ಹೋಗೋ ಅಪಧಮನಿ ಎರಡಿವೆ. ಹೀಗೆ ತಿರುಚಿದಾಗ ಒಳಪದರ ಹರಿದು ಪಾರ್ಶ್ವವಾಯು ಹೊಡೆದವರಿದ್ದಾರೆ. ಅಲ್ಲೂ ರಕ್ತ ಆಚೆ ಕಾಣಲ್ಲ. ಬೇಕಾದರೆ ಭುಜ ಹಿಚುಕಿ, ಅದಕ್ಕೆ ಹತ್ತು ರೂಪಾಯಿ ಹೆಚ್ಚಿಗೆ ತಗೊಳ್ಳಿ.

— ಬೋರ್ಡಲ್ಲಿ ಬರೆಸಿದ್ದೀನಲ್ಲ ಸಾರ್, ಕಟಿಂಗ್, ಶೇವಿಂಗ್, ಮಾಲೀಶು, ನೆಟಿಕೆ ಅಂತ.

— ಕೊನೇದಕ್ಕೆ ಬಣ್ಣ ಬಳಿಸಿಬಿಡಿ. ದುಡ್ಡು ನಾನು ಕೊಡ್ತೀನಿ.